ಅಂಜಿನಪ್ಪನ ಎಡಗೈ

ಕ್ಯಾಲ್ಕುಲೇಟರನ್ನು ಅಡಗಿಸಿಡು ಅಂದವಳು ಸುಶ್ಮಿತಾನೇ. ಜನವರಿಯ ಒಂದು ಬೆಳಿಗ್ಗೆ ನಾನು ರೊಟ್ಟಿಗೆ ಹಂಚು ಕಾಯಲು ಇಟ್ಟು ಹಿಟ್ಟು ನಾದುತ್ತಿದ್ದಾಗ ಅದನ್ನು ತಂದು ನನ್ನ ಮಡಿಲಿಗೆ ಹಾಕಿದಳು. ದಪ್ಪ ದಪ್ಪ ಗುಂಡಿಗಳದ್ದು, ಹಿಂದಿನ ಮುಚ್ಚಳ ಬೀಳದಂತೆ ರಬ್ಬರ್ ಬ್ಯಾಂಡ್ ಸುತ್ತಿದ್ದು. ಟೈಲ್ಸ್ ಕೂರಿಸುವ ಕೆಲಸದ ನಮ್ಮ ಮನೆಯವರು ಚದರಡಿ ಲೆಕ್ಕಕ್ಕೆಂದು ತಂದದ್ದು, ಮಗಳು ಹೈಸ್ಕೂಲಿಗೆ ಬಂದ ವರ್ಷದಿಂದ ಅವಳ ದಿಂಬಿನ ಕೆಳಗೇ ಇತ್ತು.

"ನಾ ಎಷ್ಟ ಅತ್ತು ಕರದ್ರೂ ಕೊಡಬ್ಯಾಡಬೇ. ಸಿಇಟಿ ಮುಗಿಯೂ ತನಕ ಎಲ್ಲೈತಿ ಅಂತ ಹೇಳಾಕೂಬ್ಯಾಡ."

"ನಿಮ್ಮಪ್ಪ ಕೇಳಿದ್ರ?"

"ಅಪ್ಪಾಗೂ ಇಲ್ಲ. ಮೊಬೈಲ್‌ನಾಗ ಮಾಡ್ಕೊಳ್ಳಲಿ."

ನಮ್ಮ ಮನೆಯಲ್ಲಿ ಅಪರೂಪಕ್ಕೆ ತೆರೆಯುವ ಡಬ್ಬಿ ಎಂದರೆ ಅಕ್ಕಿ ಹಿಟ್ಟಿನದು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರ ತಳಕ್ಕೆ ಹೂತುಬಿಟ್ಟೆ.

ಹೋದ ವರ್ಷ ಅವಳು ಸಿಇಟಿಯ ರಸಾಯನಶಾಸ್ತ್ರದಲ್ಲಿ ಸೋತದ್ದು ವಿಷಯ ಗೊತ್ತಿಲ್ಲದೆ ಅಲ್ಲ. ಅರವತ್ತು ಪ್ರಶ್ನೆ, ಎಂಬತ್ತು ನಿಮಿಷ, ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ. ಸೂತ್ರ ಗೊತ್ತು, ಎಲ್ಲಿಂದ ಶುರು ಮಾಡಬೇಕೆಂಬುದೂ ಗೊತ್ತು. ಆದರೆ ನಾಲ್ಕು ಪಾಯಿಂಟ್ ಒಂಬತ್ತನ್ನು ತೊಂಬತ್ತೆಂಟರಿಂದ ಭಾಗಿಸು ಎಂದರೆ ಬೆರಳು ಇಲ್ಲದ ಗುಂಡಿಗಳನ್ನು ಹುಡುಕುತ್ತಿತ್ತು. ಹನ್ನೊಂದು ಲೆಕ್ಕ ಉಳಿದುಬಿಟ್ಟವು. ಕೊನೆಯ ನಿಮಿಷದಲ್ಲಿ ಕಣ್ಣು ಮುಚ್ಚಿ ಆ ಹನ್ನೊಂದಕ್ಕೂ ಉತ್ತರ ಹಾಳೆಯ ಯಾವುದೋ ಒಂದು ವೃತ್ತಕ್ಕೆ ಕಪ್ಪು ತುಂಬಿ ಬಂದಳು. ಹನುಮನಮಟ್ಟಿಯ ಕೃಷಿ ಕಾಲೇಜಿನ ಸೀಟು ಹತ್ತಿರ ಬಂದು ತಪ್ಪಿಹೋಯಿತು. ಬೇರೆ ಯಾವುದಕ್ಕೂ ಸೇರಲಾರೆ, ಇನ್ನೊಂದು ವರ್ಷ ಕೊಡು ಎಂದಳು. ಆ ಒಂದು ವರ್ಷವೇ ಇದು. ಮತ್ತೊಂದು ಕೇಳುವುದಿಲ್ಲ ಎಂದು ಅವಳೇ ಹೇಳಿದ್ದಳು, ನಾನು ಕೇಳಿರಲಿಲ್ಲ.

ಅವಳು ಹಾವೇರಿಯಿಂದ ರಾಣೆಬೆನ್ನೂರಿನ ಕೋಚಿಂಗಿಗೆ ಹೋಗುವುದು ಎಂಟರ ಬಸ್ಸಿಗೆ. ಅಷ್ಟರೊಳಗೆ ನನ್ನದು ನೂರೈವತ್ತು ರೊಟ್ಟಿ ಆಗಿರಬೇಕು, ಒಂಬತ್ತಕ್ಕೆ ಖಾನಾವಳಿಯವರು ಬುಟ್ಟಿ ಒಯ್ಯಲು ಬರುತ್ತಾರೆ. ಹೀಗಾಗಿ ನಾವಿಬ್ಬರೂ ಮಾತಾಡುವುದಿದ್ದರೆ ಹಂಚಿನ ಮುಂದೆಯೇ. ಅವಳು ಬಾಗಿಲಿಗೆ ಒರಗಿ ಕೂತು ಕಾಗದದ ಮೇಲೆ ಭಾಗಾಕಾರ ಮಾಡುತ್ತಿದ್ದಳು. ಒಂದೊಂದು ಭಾಗಾಕಾರ ಅರ್ಧ ಪುಟ ತಿನ್ನುತ್ತಿತ್ತು.

"ಮೂವತ್ತಾರರ ಮುಕ್ಕಾಲು ಎಷ್ಟಬೇ?" ಎಂದು ಒಂದು ದಿನ ತನಗೆ ತಾನೇ ಕೇಳಿಕೊಂಡಂತೆ ಅಂದಳು.

"ಇಪ್ಪತ್ತೇಳು," ಎಂದೆ. ರೊಟ್ಟಿ ಬಡಿಯುವ ಕೈ ನಿಂತಿರಲಿಲ್ಲ.

ಅವಳು ಪೆನ್ನು ಕೆಳಗಿಟ್ಟಳು. "ಹೆಂಗ ಗೊತ್ತಾತು ನಿನಗ?"

ಹೇಗೆ ಎಂದು ನನಗೂ ತಕ್ಷಣ ತಿಳಿಯಲಿಲ್ಲ. ನಾನು ಓದಿದ್ದು ಪಿಯುಸಿ, ಅದೂ ಆರ್ಟ್ಸ್. ಆಮೇಲೆ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕುವಾಗ ಬಾಯಿಯೇ ಹೇಳಿತು: "ಒಂದ್ ಮುಕ್ಕಾಲ ಮುಕ್ಕಾಲ, ಎರಡ್ ಮುಕ್ಕಾಲ ಒಂದೂವರಿ, ಮೂರ್ ಮುಕ್ಕಾಲ ಎರಡೂಕಾಲ, ನಾಕ್ ಮುಕ್ಕಾಲ ಮೂರು..."

ಮೂವತ್ತು ವರ್ಷ ಆ ಮಗ್ಗಿ ನನ್ನೊಳಗೆ ಎಲ್ಲಿ ಮಲಗಿತ್ತೋ. ಅದರ ಹಿಂದೆಯೇ ಮೂಗಿಗೆ ಮೆಣಸಿನಕಾಯಿಯ ಘಾಟು ಬಂತು, ಸೀನೂ ಬಂತು.

ನನ್ನ ಅಪ್ಪ ಅಂಜಿನಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೂಕದವನಾಗಿದ್ದ. ಸೋಮವಾರ, ಗುರುವಾರ ಪೇಟೆ. ಸುಗ್ಗಿಯ ದಿನಗಳಲ್ಲಿ ಊರಿಗೆ ಊರೇ ಕೆಂಪಾಗುತ್ತಿತ್ತು. ರಸ್ತೆಯ ಧೂಳು, ಎತ್ತಿನ ಕೊಂಬು, ಹಮಾಲರ ರೆಪ್ಪೆ ಎಲ್ಲ. ಹೊರಗಿನಿಂದ ಬಂದವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದರು, ನಾವು ಅವರನ್ನು ನೋಡಿ ನಗುತ್ತಿದ್ದೆವು. ಶಾಲೆ ಬಿಟ್ಟ ಮೇಲೆ ನಾನು ಅಪ್ಪನಿಗೆ ಬುತ್ತಿ ಒಯ್ದು, ಅಲ್ಲೇ ತುಂಬಿದ ಚೀಲದ ಮೇಲೆ ಹತ್ತಿ ಕೂತು, ಕೊನೆಯ ಲಾಟ್ ತೂಗುವ ತನಕ ಕಾಯುತ್ತಿದ್ದೆ. ಮರಳಿ ಬರುವಾಗ ದಾರಿಯುದ್ದಕ್ಕೂ ಮಗ್ಗಿ. ಕಾಲಿನದು, ಅರ್ಧದ್ದು, ಮುಕ್ಕಾಲಿನದು, ಒಂದೂಕಾಲಿನದು, ಒಂದೂವರೆಯದು. ಮನೆ ಬಂದರೂ ಮಗ್ಗಿ ಮುಗಿಯದಿದ್ದರೆ ಬಾಗಿಲಲ್ಲಿ ನಿಂತು ಮುಗಿಸಿಯೇ ಒಳಗೆ.

ಅಪ್ಪನ ದನಿ ಪೇಟೆಯಲ್ಲಿ ಹೆಸರಾದದ್ದು. ತೂಕದ ಕಾಟಾದ ಮೇಲೆ ಮೊದಲ ಚೀಲ ಬಿದ್ದ ಕೂಡಲೇ "ಲಾಭ!" ಎಂದು ಕೂಗುತ್ತಿದ್ದ. ನಮ್ಮ ಕಡೆ ತೂಗುವಾಗ, ಅಳೆಯುವಾಗ ಒಂದು ಎನ್ನುವುದಿಲ್ಲ. ಮೊದಲನೆಯದು ಲಾಭ, ಆಮೇಲೆ ಎರಡು, ಮೂರು. "ಲಾಭ! ಮೂವತ್ತೆಂಟು! ಎರಡು! ನಲವತ್ತೊಂದು!" ಅಡತಿಯ, ಅಂದರೆ ದಲಾಲಿ ಅಂಗಡಿಯ, ಗುಮಾಸ್ತ ಬರೆದುಕೊಳ್ಳುತ್ತಿದ್ದ. ನಾನು ಚೀಲದ ಮೇಲಿಂದ ಕಾಟಾದ ಮುಳ್ಳನ್ನು ನೋಡುತ್ತಿದ್ದೆ. ಅದು ಮೂವತ್ತೆಂಟು ದಾಟಿ ಮುಂದೆ ನಿಂತಿರುತ್ತಿತ್ತು, ಒಮ್ಮೊಮ್ಮೆ ಮೂವತ್ತೊಂಬತ್ತರ ಹೊಸ್ತಿಲಲ್ಲೇ. ಅಪ್ಪ ಮಾತ್ರ "ಮೂವತ್ತೆಂಟು!" ಚಿಲ್ಲರೆ ಬಿಟ್ಟುಬಿಡುತ್ತಾನೆ, ಅದಕ್ಕೇ ಅಷ್ಟು ಲಗೂ ಕೂಡಿಸುತ್ತಾನೆ ಎಂದು ನಾನು ಅಂದುಕೊಂಡಿದ್ದೆ. ನಲವತ್ಮೂರು ವರ್ಷದವಳಾಗುವ ತನಕ ಹಾಗೇ ಅಂದುಕೊಂಡಿದ್ದೆ.

ಮಗಳಿಗೆ ಹಾಗೇ ಕಲಿಸಿದೆ.

ಅಂದಿನಿಂದ ನಮ್ಮ ಅಡುಗೆಮನೆ ಪೇಟೆಯಾಯಿತು. ರೊಟ್ಟಿ ಬಡಿಯುವ ತಾಳಕ್ಕೆ ಮಗ್ಗಿ. ಅವಳು ಮೊದಲು ನಾಚಿದಳು, ಆಮೇಲೆ ಹುಚ್ಚು ಹಿಡಿದವರಂತೆ ಕಲಿತಳು. ಸೊನ್ನೆ ಪಾಯಿಂಟ್ ಏಳು ಐದು ಕಂಡರೆ ಮುಕ್ಕಾಲು, ಸೊನ್ನೆ ಪಾಯಿಂಟ್ ಎರಡು ಐದು ಕಂಡರೆ ಕಾಲು. ತೊಂಬತ್ತೆಂಟರಲ್ಲಿ ನಾಲ್ಕು ಪಾಯಿಂಟ್ ಒಂಬತ್ತು ಎಂದರೆ ಇಪ್ಪತ್ತರಲ್ಲೊಂದು ಪಾಲು ಎಂದು ಪೆನ್ನು ಮುಟ್ಟದೆ ಹೇಳುವಷ್ಟಾದಳು. ಎಲ್ಲಾದರೂ ತೊಡಕಾದರೆ ನಾನು ಹೇಳುತ್ತಿದ್ದೆ: "ಚಿಲ್ಲರಿ ಬಿಡು. ನಿಮ್ಮಜ್ಜ ಬಿಡತಿದ್ದ. ದೊಡ್ಡ ಅಂಕಿ ಹಿಡದು ಮುಂದ ನಡಿ."

ಒಂದು ದಿನ ಕೋಚಿಂಗಿನಿಂದ ಬಂದವಳೇ ಚೀಲ ಒಗೆದಳು. "ಇವತ್ತ ಕ್ಲಾಸಿನಾಗ ಮರ್ಯಾದಿ ಹೋತು ನೋಡು."

"ಏನಾತ?"

"ಬೋರ್ಡಿನ ಮ್ಯಾಲೆ ಪರಮಾಣು ಎಣಸಾಕ ಹೇಳಿದ್ರು. ನಾ ಲಾಭ, ಎರಡು, ಮೂರು ಅಂದೆ. ಇಡೀ ಕ್ಲಾಸು ನಕ್ಕಿತು. ಆ ನಯಾಜ ಈಗ ನನ್ನ ಲಾಭವ್ವಾ ಅಂತ ಕರಿಯಾಕತ್ತಾನ."

"ಸರ್ ಏನಂದ್ರು?"

"ಸರೂ ನಕ್ರು. ಆಮ್ಯಾಲೆ, ನಮ್ಮಜ್ಜನೂ ಹಂಗ ಅಂತಿದ್ದ ಕುಂದ್ರವಾ ಅಂದ್ರು."

ಮಾರ್ಚಿನ ಮೊದಲ ಭಾನುವಾರ ಆ ಶಶಿಕಾಂತ ಸರ್ ಪಾಲಕರನ್ನು ಕರೆಸಿದ್ದರು. ನಮ್ಮ ಮನೆಯವರಿಗೆ ಕೆಲಸ ಇತ್ತು, ನಾನೇ ಹೋದೆ. ಮೂವತ್ತೈದರ ಆಸುಪಾಸಿನ ಮನುಷ್ಯ, ಅಂಗಿಯ ತೋಳಿನ ತುಂಬ ಸೀಮೆಸುಣ್ಣ. ಅಣಕು ಪರೀಕ್ಷೆಯ ಮೂರು ಹಾಳೆಗಳನ್ನು ನನ್ನ ಮುಂದೆ ಹರಡಿದರು. ಸುಶ್ಮಿತಾ ನನ್ನ ಪಕ್ಕದಲ್ಲಿ ಉಗುರು ಕಚ್ಚುತ್ತ ನಿಂತಿದ್ದಳು.

"ಅವ್ವಾರ, ನಿಮ್ಮ ಹುಡುಗಿ ಮೊದಲ ಪೇಪರ್ ಮುಗಸ್ತಿರಲಿಲ್ಲ. ಈಗ ಲಗೂ ಮುಗಸ್ತಾಳ. ಲಗೂ ತಪ್ಪೂ ಮಾಡ್ತಾಳ."

"ಹಂಗಂದ್ರರಿ?"

"ಇಲ್ನೋಡ್ರಿ." ಒಂದು ಪ್ರಶ್ನೆಯ ಮೇಲೆ ಬೆರಳಿಟ್ಟರು. "ಒಂದು ಮೂಲವಸ್ತು ಐತಿ. ಅದರಾಗ ಮುಕ್ಕಾಲು ಪಾಲು ಪರಮಾಣುಗಳ ತೂಕ ಅರವತ್ಮೂರು, ಕಾಲು ಪಾಲಿನ ತೂಕ ಅರವತ್ತೈದು. ಸರಾಸರಿ ಎಷ್ಟು? ಇಕಿ ಏನ್ ಮಾಡ್ಯಾಳ? ಅರವತ್ಮೂರರ ಮುಕ್ಕಾಲು ನಲವತ್ತೇಳೂಕಾಲು. ಕಾಲು ಬಿಟ್ಟಳು, ನಲವತ್ತೇಳು. ಅರವತ್ತೈದರ ಕಾಲು ಹದಿನಾರೂಕಾಲು. ಅಲ್ಲೂ ಕಾಲು ಬಿಟ್ಟಳು, ಹದಿನಾರು. ಕೂಡಿಸಿ ಅರವತ್ಮೂರು ಅಂತ ಬರದಾಳ. ಆ ಉತ್ತರನೂ ಅಲ್ಲೇ ಕೊಟ್ಟಿರತಾರ ನೋಡ್ರಿ, ಹಿಂಗ ಮಾಡೋರಿಗೇ ಅಂತ! ಖರೇ ಉತ್ತರ ಅರವತ್ಮೂರೂವರಿ."

ನಾನು ಹಾಳೆ ನೋಡುತ್ತ ಕೂತೆ.

"ಎರಡು ಕಾಲು ಎಲ್ಲಿ ಹೋದ್ವು? ಅರವತ್ತೈದರ ಪರಮಾಣು ಇದ್ದೂ ಇಲ್ಲದಂಗ ಆತು. ಹಿಂಗ ಒಂಬತ್ತು ಲೆಕ್ಕ ಹೋಗ್ಯಾವು. ಮಗ್ಗಿ ಭಾಳ ಚಲೋ ಹೇಳ್ತಾಳರಿ, ನನಗ ಬರೂದಿಲ್ಲ ಹಂಗ. ಆದ್ರ ಹೆಜ್ಜಿ ಹೆಜ್ಜಿಗೂ ಚಿಲ್ಲರಿ ಬಿಡೂದು ಯಾರು ಕಲಸ್ಯಾರಿಕಿಗೆ?"

ಸುಶ್ಮಿತಾ ನನ್ನ ಕಡೆ ನೋಡಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ನಾನೇರಿ," ಎಂದೆ.

ಅವರು ಹಾಳೆಗಳನ್ನು ಒಟ್ಟುಮಾಡಿ ನನ್ನ ಕೈಗಿಟ್ಟರು. "ಇನ್ನ ಆರು ವಾರ ಐತಿ. ಬಿಡೂದನ್ನ ಬಿಡಸ್ರಿ. ಆದರ ಪ್ರತಿಯೊಂದನ್ನೂ ಕಾಗದದ ಮ್ಯಾಲೆ ಬರಕೊಂತ ಕುಂತ್ರ ಮತ್ತ ಹೋದ ವರ್ಷದ ಕತಿನೇ. ಏನರ ಒಂದು ದಾರಿ ಬೇಕು."

ಹಾವೇರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳು, ಈಚೆ ನಾನು. ಹನುಮನಮಟ್ಟಿ ಬಂತು. ಕಾಲೇಜಿನ ಗೇಟು, ಒಳಗಿನ ಹಸಿರು ತಾಕುಗಳು ಹಿಂದೆ ಹೋದವು. ದಿನಾ ಎರಡು ಸಲ ಅದರ ಮುಂದೆಯೇ ಅವಳು ಹಾಯಬೇಕು. ಕತ್ತು ತಿರುಗಿಸಿ ಕೊನೆಯ ತನಕ ನೋಡಿದಳು. ಮೋಟೆಬೆನ್ನೂರು ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು.

"ಅವ್ವಾ, ಅಜ್ಜ ಚೀಲಚೀಲಕ್ಕೂ ಚಿಲ್ಲರಿ ಬಿಡತಿದ್ನಲಾ... ಅದು ಯಾರಿಗೆ ಹೋಗತಿತ್ತು?"

"ಯಾರಿಗೆ ಅಂದ್ರ?"

"ಅಲ್ಲ, ತೂಕ ಕಡಿಮಿ ಬರದ್ರ ಲುಕ್ಸಾನು ರೈತರದಲ್ಲ? ತೊಗೊಳ್ಳೋರಿಗೆ ಪುಕ್ಕಟೆ ಮೆಣಸಿನಕಾಯಿ. ಅಜ್ಜ ಹಂಗ ಮಾಡತಿದ್ನಾ?"

ಬೈಯಲು ಬಾಯಿ ತೆರೆದೆ. ಆದರೆ ಲೆಕ್ಕ ಸರಿಯಾಗಿಯೇ ಇತ್ತು. ಕದರಮಂಡಲಗಿಯ ಹನುಮಪ್ಪನ ಗುಡಿಗೆ ಶನಿವಾರ ತಪ್ಪದೆ ನಡೆದು ಹೋಗುತ್ತಿದ್ದ ನನ್ನಪ್ಪ, ಬಿದ್ದ ಕಾಯಿ ಆರಿಸಿದರೆ ನನ್ನ ಕೈಗೆ ಹೊಡೆದು ಚೀಲಕ್ಕೆ ಮರಳಿ ಹಾಕಿಸುತ್ತಿದ್ದ ನನ್ನಪ್ಪ. ಅವನು ತೀರಿಕೊಂಡು ಹದಿನಾಲ್ಕು ವರ್ಷ. ಈಗ ಮೊಮ್ಮಗಳ ಒಂದು ತಪ್ಪು ಉತ್ತರದಿಂದ ಅವನ ಮೇಲೆ ಈ ಮಾತು. ಆ ತಪ್ಪನ್ನು ಕಲಿಸಿದವಳು ನಾನು.

"ಇಳಿ," ಎಂದೆ.

"ಎಲ್ಲಿ? ಹಾವೇರಿ ಇನ್ನೂ..."

"ಇಳಿಯಂದೆ. ಬ್ಯಾಡಗಿಗೆ ಹೋಗಿ ಬರೂಣು."

ಮೋಟೆಬೆನ್ನೂರಿನಿಂದ ಟಂಟಂ ಆಟೋ ಸಿಕ್ಕಿತು. ಬ್ಯಾಡಗಿಯಲ್ಲಿ ಈಗ ನನ್ನವರು ಯಾರೂ ಇಲ್ಲ, ಹೊಳಿಯಪ್ಪ ಕಾಕಾನೊಬ್ಬನನ್ನು ಬಿಟ್ಟು. ಇಪ್ಪತ್ತು ವರ್ಷ ಅಪ್ಪನ ಕಾಟಾಕ್ಕೆ ಚೀಲ ಹೊತ್ತು ಹಾಕಿದ ಹಮಾಲ. ಬೆನ್ನು ಬಾಗಿದೆ, ಕಣ್ಣಿನ ಕೆಂಪು ಮಾತ್ರ ಹಾಗೇ ಇದೆ. ಕಟ್ಟೆಯ ಮೇಲೆ ಮೊರದಲ್ಲಿ ಮೆಣಸಿನಕಾಯಿ ಹಾಕಿಕೊಂಡು ತೊಟ್ಟು ಮುರಿಯುತ್ತ ಕೂತಿದ್ದ. ನನ್ನನ್ನು ಕಂಡು ಹಣೆಗೆ ಕೈ ಹಚ್ಚಿ ನೋಡಿದ.

"ಯಾರದು? ತೂಕದ ಅಂಜಿನಪ್ಪನ ನೀಲವ್ವನೇನ? ಬಾ ಮಗಳ. ಎಷ್ಟ ವರ್ಷ ಆತು! ಇಕಿ ಯಾರು, ನಿನ್ನ ಮಗಳಾ? ಏ ಜಯವ್ವಾ, ಚಾ ಇಡವಾ. ಸೀನಬ್ಯಾಡ ತಂಗಿ, ಒಂದೀಟು ತಡಿ, ಮೂಗು ತಾನ ರೂಢಿ ಆಕ್ಕೈತಿ."

ಸುಶ್ಮಿತಾ ಅಷ್ಟರಲ್ಲಿ ಮೂರು ಸಲ ಸೀನಿದ್ದಳು.

ಒಳಗಿನಿಂದ ಸೊಸೆ ಜಯವ್ವ ಚಹಾ ತರುವ ತನಕವೂ ನನಗೆ ತಡೆದುಕೊಳ್ಳಲಾಗಲಿಲ್ಲ. "ಕಾಕಾ, ಒಂದು ಮಾತು ಖರೇ ಹೇಳು. ಅಪ್ಪ ತೂಕದಾಗ ಚಿಲ್ಲರಿ ಬಿಡತಿದ್ನಲಾ, ಅದು ಎಲ್ಲಿ ಹೋಗತಿತ್ತು?"

ಅವನ ಕೈ ನಿಂತಿತು. "ಬಿಡತಿದ್ನಾ? ಯಾರು ಅಂದ್ರು?"

"ನಾನೇ ನೋಡೇನಿ. ಮುಳ್ಳು ಮುಂದಿರತಿತ್ತು, ಮೂವತ್ತೆಂಟು ಅಂತ ಒದರತಿದ್ದ."

ಹೊಳಿಯಪ್ಪ ಕಾಕಾ ಮೊರ ಪಕ್ಕಕ್ಕೆ ಸರಿಸಿದ. ಸಿಟ್ಟು ಬಂದಿತ್ತೆಂದು ಕಾಣುತ್ತದೆ, ಆದರೆ ನಕ್ಕ. "ಹುಚ್ಚಿ ಅದೀಯಬೇ ನೀನು. ಚೀಲದ ಮ್ಯಾಲೆ ಕುಂತು ಅಪ್ಪನ ಬಾಯಿ ನೋಡೀದಿ, ಕೈ ನೋಡಿಲ್ಲ. ಒಂದೊಂದು ಚೀಲಕ್ಕ ಅರ್ಧ ಕಿಲೋ ಬಿಟ್ರ ನೂರು ಚೀಲಕ್ಕ ಎಷ್ಟಾತು?"

"ಐವತ್ತು ಕಿಲೋ," ಸುಶ್ಮಿತಾ ಅಂದಳು.

"ಹಾಂ! ರೈತನ ಒಂದು ಚೀಲಕ್ಕ ಚೀಲನೇ ಮಾಯ! ಹಂಗ ಮಾಡೋನಾಗಿದ್ರ ರೈತರು ನಿಮ್ಮಪ್ಪನ ಕಾಟಾಕ್ಕ ಪಾಳಿ ಹಚ್ಚತಿದ್ರೇನ? ನನಗ ಅಂಜಿನಪ್ಪನೇ ತೂಗಬೇಕು ಅಂತ ಗಳಗನಾಥದ ಕಡಿಂದ ಬಂದ ಮಂದಿ ಅರ್ಧ ದಿನ ಕಾಯತಿದ್ರು."

ಹೆಗಲ ಮೇಲಿನ ಟವೆಲ್ ತೆಗೆದು ಎಡಗೈ ಮೇಲೆ ಇಳಿಬಿಟ್ಟ. ಬೆರಳು ಕಾಣದಂತೆ. ಅಪ್ಪ ಹೀಗೇ ನಿಂತಿರುತ್ತಿದ್ದ. ಬಲಗೈ ಕಾಟಾದ ಮೇಲೆ, ಎಡಗೈ ಟವೆಲಿನ ಕೆಳಗೆ.

"ಬಾಯಿಲೆ ಒದರೂದು ಪೂರಾ ಕಿಲೋ. ಗುಮಾಸ್ತ ಅದನ್ನ ಬರಕೊಳ್ಳಾವ. ಉಳದ ಚಿಲ್ಲರಿ ಕೈಯಾಗ." ಟವೆಲ್ ಎತ್ತಿ ತೋರಿಸಿದ. ಹೆಬ್ಬೆರಳು ತೋರುಬೆರಳಿನ ಮೊದಲ ಗೆಣ್ಣಿನ ಮೇಲೆ ಕೂತಿತ್ತು. "ಒಂದು ಬೆರಳಿಗೆ ಮೂರು ಗೆಣ್ಣು. ನಾಕು ಬೆರಳಿಗೆ?"

"ಹನ್ನೆರಡು," ಎಂದಳು ಸುಶ್ಮಿತಾ. ಕಟ್ಟೆಯ ತುದಿಗೆ ಸರಿದು ಕೂತಿದ್ದಳು.

"ಒಂದು ಗೆಣ್ಣು ಅಂದ್ರ ಕಾಲು ಕಿಲೋ. ಚೀಲಕ್ಕ ಅರ್ಧ ಉಳದ್ರ ಎರಡು ಗೆಣ್ಣು ಮುಂದ. ಮುಕ್ಕಾಲು ಉಳದ್ರ ಮೂರು. ಕೈ ತುಂಬಿತು ಅಂದ್ರ?"

"ಹನ್ನೆರಡು ಕಾಲು... ಮೂರು ಕಿಲೋ!"

"ಶಾಣ್ಯಾಕಿ! ಆವಾಗ ‘ಮೂರು ಸೇರ್ಸು’ ಅಂತ ಒದರತಿದ್ದ. ಮತ್ತ ಮೊದಲ್ನೇ ಗೆಣ್ಣಿನಿಂದ ಶುರು. ಬಿಡೂದು ಅನ್ನೂದು ಇದ್ರ ಲಾಟ್ ಪೂರಾ ಮುಗದ ಮ್ಯಾಲೆ, ಒಮ್ಮೆ. ಅದೂ ಕಾಲು ಕಿಲೋದ ಒಳಗಿಂದು."

‘ಮೂರು ಸೇರ್ಸು’! ಆ ಕೂಗು ನನಗೆ ನೆನಪಿತ್ತು. ಗುಮಾಸ್ತ ಏನೋ ಮರೆತಿರಬೇಕು, ಅಪ್ಪ ಬೈಯುತ್ತಿದ್ದಾನೆ ಎಂದು ತಿಳಿದಿದ್ದೆ.

"ಟವೆಲ್ ಯಾಕಜ್ಜಾ? ಮುಚ್ಚಿಡೂದು ಯಾಕ?" ಸುಶ್ಮಿತಾ ಕೇಳಿದಳು.

"ಕೈ ಕಂಡ್ರ ತೊಗೊಳ್ಳೋರ ಕಡೆ ಮಂದಿ ಬೇಕಂತ ಬಂದು ಮಾತಿಗೆ ಎಳೀತಿದ್ರವಾ. ಅಂಜಿನಪ್ಪಾ ಆರಾಮೇನ, ಅಂಜಿನಪ್ಪಾ ತಂಬಾಕ ತಿಂತಿಯೇನ. ಒಮ್ಮೆ ಬೆರಳು ಸರೀತು ಅಂದ್ರ ಎಣಿಕಿ ಹೋತು. ಅದಕ್ಕ ತೂಗುವಾಗ ಆ ಮನಷ್ಯಾ ಯಾರ ಕೂಡೂ ಮಾತಾಡತಿರಲಿಲ್ಲ. ಅಡತಿ ಸಾಹುಕಾರ ಬಂದ್ರೂ ಇಲ್ಲ. ದೇವರು ಬಂದ್ರೂ ಇಲ್ಲ."

ಮಗಳು ಬುತ್ತಿ ತಂದರೂ ಇಲ್ಲ. ಅದನ್ನು ಅವನು ಹೇಳಲಿಲ್ಲ, ನನಗೆ ಹೇಳಬೇಕಾಗಿಯೂ ಇರಲಿಲ್ಲ. ನಾನು ಬುತ್ತಿ ಹಿಡಿದು "ಅಪ್ಪಾ" ಎಂದರೆ ಅಪ್ಪ ತಲೆ ಮಾತ್ರ ಅಲ್ಲಾಡಿಸುತ್ತಿದ್ದ. ಒಮ್ಮೆ ನನಗೆ ಕಣ್ಣಿಗೆ ಖಾರ ಬಿದ್ದು ಅಳುತ್ತ ಓಡಿಹೋಗಿ ಅವನ ಎಡಗೈ ಹಿಡಿಯಲು ನೋಡಿದ್ದೆ. ಅವನು ಮೊಣಕೈಯಿಂದ ನನ್ನನ್ನು ಸರಿಸಿದ್ದ. ಇದೇ ಹೊಳಿಯಪ್ಪ ಕಾಕಾ ನನ್ನನ್ನೆತ್ತಿಕೊಂಡು ಹೋಗಿ ಕಣ್ಣು ತೊಳೆಸಿದ್ದ. ಮಂದಿಯ ಮುಂದೆ ಅಪ್ಪನಿಗೆ ನನ್ನ ಕೈ ಹಿಡಿಯಲು ನಾಚಿಕೆ ಎಂದು ಎಷ್ಟೋ ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಅವತ್ತು ಅವನ ಕೈಯಲ್ಲಿ ಯಾರದೋ ಒಂದೂಮುಕ್ಕಾಲು ಕಿಲೋ ಇದ್ದಿರಬೇಕು.

"ಕಾಕಾ, ನನಗ್ಯಾಕ ಇದನ್ನ ಹೇಳಿಕೊಡಲಿಲ್ಲ ಅವನು?"

"ನೀ ಎಲ್ಲಿ ಕಾಟಾ ಹಿಡಿಯಾಕಿ ಅಂತ ತಿಳದಿರಬೇಕು," ಎಂದು ಕಾಕಾ ಮೊರ ಮತ್ತೆ ಮಡಿಲಿಗೆ ಎಳೆದುಕೊಂಡ. "ಈಗೇನೈತಿ, ಎಲ್ಲಾ ಕರೆಂಟಿನ ಕಾಟಾ. ಕೆಂಪ ಅಂಕಿ ಬರತಾವ, ನೂರು ಗ್ರಾಮೂ ತೋರಸ್ತೈತಿ. ಕೈ ಯಾರಿಗೂ ಬೇಕಾಗಿಲ್ಲ."

"ನನಗ ಬೇಕಜ್ಜಾ," ಎಂದಳು ಸುಶ್ಮಿತಾ.

ಬರುವಾಗ ಬಸ್ಸಿನಲ್ಲಿ ಅವಳ ಎಡಗೈ ಮಡಿಲಲ್ಲಿತ್ತು, ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ನಡೆಯುತ್ತಿತ್ತು. ಹಾವೇರಿ ಬರುವಷ್ಟರಲ್ಲಿ ಅಜ್ಜನ ಪದ್ಧತಿಗೆ ತನ್ನದೊಂದು ತಿದ್ದುಪಡಿ ಮಾಡಿಕೊಂಡಿದ್ದಳು. ಕಾಲಿನ ಲೆಕ್ಕಕ್ಕೆ ಹನ್ನೆರಡೂ ಗೆಣ್ಣು. ದಶಾಂಶದ ಲೆಕ್ಕಕ್ಕೆ ಹತ್ತೇ, ಕಿರುಬೆರಳಿನ ಕೊನೆಯ ಎರಡಕ್ಕೆ ರಜೆ. ದೊಡ್ಡ ಅಂಕಿ ಕಾಗದದ ಮೇಲೆ, ಉಳಿದದ್ದು ಕೈಯಲ್ಲಿ, ಕೂಡಿಸುವುದು ಕೊನೆಗೆ.

ಆರು ವಾರ ನಾನು ಮಗ್ಗಿಯ ಜೊತೆ ಇನ್ನೊಂದನ್ನೂ ಮಾಡಿದೆ. ಅವಳು ಲೆಕ್ಕಕ್ಕೆ ಕೂತಾಗ ಬೇಕೆಂದೇ ಮಾತಿಗೆ ಎಳೆಯುತ್ತಿದ್ದೆ. "ಸುಶ್ಮಿ, ನೀರು ಬಂತೇನ ನೋಡು. ಸುಶ್ಮಿ, ಬಸ್ಸಿನಾಗ ಯಾರ ಸಿಕ್ಕಿದ್ರು?" ಮೊದಮೊದಲು ಎಣಿಕೆ ತಪ್ಪಿ ಚೀರುತ್ತಿದ್ದಳು. "ಅವ್ವಾ! ಐದು ಗೆಣ್ಣು ಇದ್ವು, ಎಲ್ಲಾ ಹೋದ್ವು ನೋಡು!" ಆಮೇಲೆ ತಲೆ ಅಲ್ಲಾಡಿಸುವುದನ್ನು ಕಲಿತಳು. ಬಾಯಿ ಬಿಡದೆ, ಕಣ್ಣೆತ್ತದೆ, ಹೌದು ಎಂದೂ ಅಲ್ಲ ಎಂದೂ ಅಲ್ಲದ ಒಂದು ತಲೆ ಅಲ್ಲಾಟ. ಅಜ್ಜನನ್ನು ಅವಳು ಸರಿಯಾಗಿ ಕಂಡವಳೂ ಅಲ್ಲ. ಅವನು ಹೋದಾಗ ಅವಳಿಗೆ ಐದು ವರ್ಷ.

ಏಪ್ರಿಲ್‌ನಲ್ಲಿ ಪರೀಕ್ಷೆ ಹಾವೇರಿಯಲ್ಲೇ ಬಂತು. ರಸಾಯನಶಾಸ್ತ್ರ ಮಧ್ಯಾಹ್ನ ಎರಡೂವರೆಗೆ. ಗೇಟಿನಲ್ಲಿ ಉದ್ದ ಪಾಳಿ. ವಾಚು ತೆಗೆಸಿದರು, ಕಿವಿಯೋಲೆ ತೆಗೆಸಿದರು, ಅಂಗೈಯಲ್ಲಿ ಏನಾದರೂ ಬರೆದುಕೊಂಡಿದ್ದಾರೆಯೇ ಎಂದು ಒಬ್ಬೊಬ್ಬರ ಕೈ ತಿರುಗಿಸಿ ನೋಡಿದರು. ಸುಶ್ಮಿತಾ ಎರಡೂ ಕೈ ಚಾಚಿದಳು. ತಪಾಸಣೆಯ ಹೆಣ್ಣುಮಗಳು ಎಡಗೈಯನ್ನು ಹಿಡಿದು, ಮಗುಚಿ, ಬೆರಳು ಬಿಡಿಸಿ ನೋಡಿ, "ಏನೂ ಇಲ್ಲ, ಹೋಗು" ಎಂದಳು. ಸುಶ್ಮಿತಾ ನನ್ನ ಕಡೆ ತಿರುಗಿ ನಕ್ಕು ಒಳಗೆ ಹೋದಳು.

ಎಂಬತ್ತು ನಿಮಿಷ. ಗೇಟಿನೆದುರು ಬೇವಿನ ನೆರಳು ಕಡಿಮೆ, ಪಾಲಕರು ಹೆಚ್ಚು. ಯಾರೋ ಮಜ್ಜಿಗೆ ಹಂಚಿದರು. ಬೆಳಗಿನ ರೊಟ್ಟಿಯ ಸಲುವಾಗಿ ಮೂರಕ್ಕೇ ಎದ್ದಿದ್ದೆ, ಕೂತಲ್ಲೇ ಎರಡು ಸಲ ತೂಕಡಿಸಿದೆ. ಎರಡು ಸಲವೂ "ಮೂರು ಸೇರ್ಸು" ಎಂದು ಯಾರೋ ಕೂಗಿದಂತಾಗಿ ಎಚ್ಚರವಾಯಿತು.

ಗಂಟೆಯಾಯಿತು. ಮಕ್ಕಳು ಗುಂಪಾಗಿ ಹೊರಬಂದರು, ಉತ್ತರ ಕೇಳುತ್ತ, ತಲೆಗೆ ಹೊಡೆದುಕೊಳ್ಳುತ್ತ. ಸುಶ್ಮಿತಾ ಒಬ್ಬಳೇ ಗೋಡೆಯ ಪಕ್ಕಕ್ಕೆ ಬರುತ್ತಿದ್ದಳು. ನಾನು ಓಡಿದೆ.

"ಸುಶ್ಮಿ, ಹೆಂಗಾತು?"

ಅವಳು ತಲೆ ಅಲ್ಲಾಡಿಸಿದಳು.

"ಏನವಾ? ಎಷ್ಟ ಉಳದ್ವು?"

ಮತ್ತೆ ಅದೇ ತಲೆ. ಕಣ್ಣು ನೆಲದ ಮೇಲೆ. ಆಗ ಅವಳ ಎಡಗೈ ನೋಡಿದೆ. ದುಪಟ್ಟಾದ ಅಂಚಿನ ಕೆಳಗೆ ಹೆಬ್ಬೆರಳು ಉಂಗುರದ ಬೆರಳಿನ ನಡುಗೆಣ್ಣಿನ ಮೇಲಿತ್ತು.

ನಾನು ಬಾಯಿ ಮುಚ್ಚಿದೆ. ಅವಳ ಕೈ ಹಿಡಿಯಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಅವಳ ಪಕ್ಕದಲ್ಲಿ, ಮುಟ್ಟದಷ್ಟು ದೂರದಲ್ಲಿ, ಹೆಜ್ಜೆಗೆ ಹೆಜ್ಜೆ ಹಾಕುತ್ತ ನಡೆದೆ. ಆಟೋದವನೊಬ್ಬ "ಎಲ್ಲಿಗ್ರಿ ಅಕ್ಕಾರ?" ಎಂದು ಬಂದ. ಕೈಸನ್ನೆಯಲ್ಲೇ ದೂರ ಕಳಿಸಿದೆ. ಸರ್ಕಲ್ ತನಕ ಹಾಗೇ ಬಂದೆವು. ಹೆಬ್ಬೆರಳು ಒಂದು, ಎರಡು, ಮೂರು ಗೆಣ್ಣು ಸರಿಯಿತು.

"ಕೂಡಿತು," ಎಂದಳು ಆಮೇಲೆ, ಉಸಿರು ಬಿಟ್ಟು. "ಕಡೀ ಲೆಕ್ಕ, ಅರವತ್ತನೇದು. ಬರದದ್ದು ಬರೋಬರಿ ಐತಿಲ್ಲ ಅಂತ ಇನ್ನೊಮ್ಮೆ ನೋಡಾಕತ್ತಿದ್ದೆ. ಬರೋಬರಿ ಐತಿ. ಈಗ ಕೇಳಬೇ, ಏನ ಕೇಳತಿದ್ದಿ?"

"ಏನಿಲ್ಲ," ಎಂದೆ. "ಹಸಿವಾಗೈತೇನ?"

"ಒಂದೂ ಉಳಿಲಿಲ್ಲವ್ವಾ. ಅರವತ್ತಕ್ಕ ಅರವತ್ತೂ ನೋಡೇನಿ. ನಾಕೈದು ಗೊತ್ತಿರಲಿಲ್ಲ, ಅದು ಬ್ಯಾರೆ. ಗೊತ್ತಿದ್ದೂ ಬಿಟ್ಟದ್ದು ಒಂದೂ ಇಲ್ಲ."

ಸೀಟು ಹಂಚಿಕೆಯ ಎರಡನೇ ಸುತ್ತಿನಲ್ಲಿ ಹನುಮನಮಟ್ಟಿ ಸಿಕ್ಕಿತು. ಶಶಿಕಾಂತ ಸರ್‌ಗೆ ಪೇಢೆ ಕೊಡಲು ಹೋದಾಗ ಹೊಸ ಬ್ಯಾಚಿನ ಮಕ್ಕಳ ಮುಂದೆ ಅವಳನ್ನು ನಿಲ್ಲಿಸಿ ಎಡಗೈ ತೋರಿಸು ಎಂದರಂತೆ. ನಯಾಜ ಫೋನ್ ಮಾಡಿ "ಲಾಭವ್ವಾ, ಪಾರ್ಟಿ ಯಾವಾಗ?" ಎಂದು ಕೇಳಿದನಂತೆ. ಹೊಳಿಯಪ್ಪ ಕಾಕಾನಿಗೆ ನಾನೇ ಹೋಗಿ ಹೇಳಿ ಬಂದೆ. "ಮೆಣಸಿನಕಾಯಿ ಬಗ್ಗೆ ಓದತಾಳಂತೇನ? ನನ್ನ ಕೇಳಾಕ ಹೇಳು," ಎಂದ.

ಕಾಲೇಜು ಶುರುವಾದ ಮೂರನೆಯ ದಿನ ಬೆಳಿಗ್ಗೆ ಸುಶ್ಮಿತಾ ಅಡುಗೆಮನೆಗೆ ಬಂದು ನನ್ನ ಹಿಂದೆ ನಿಂತಳು.

"ಅವ್ವಾ, ಅದು ಎಲ್ಲೈತಿ?"

"ಯಾವುದು?"

"ಕ್ಯಾಲ್ಕುಲೇಟರ್. ಲ್ಯಾಬಿಗೆ ಎಲ್ಲಾರೂ ತರಬೇಕಂತ. ಪರೀಕ್ಷೆಗೂ ಬಿಡತಾರಂತ."

ಬಡಿಯುತ್ತಿದ್ದ ಕೈ ನಿಂತಿತು. ಅವಳ ಮುಖ ನೋಡಿದೆ. ಅವಳೂ ನನ್ನ ಮುಖ ನೋಡುತ್ತಿದ್ದಳು. ಇಬ್ಬರಲ್ಲಿ ಯಾರು ಮೊದಲು ನಕ್ಕೆವೋ ಗೊತ್ತಿಲ್ಲ, ನಮ್ಮ ಮನೆಯವರು ಹೊರಗಿನಿಂದ "ಏನಾತ್ರೆ ನಿಮಗ?" ಎಂದು ಇಣುಕಿದರು.

ಅಕ್ಕಿ ಹಿಟ್ಟಿನ ಡಬ್ಬಿಯೊಳಗೆ ಮೊಣಕೈ ತನಕ ಕೈ ಹಾಕಿ ತೆಗೆದೆ. ಪ್ಲಾಸ್ಟಿಕ್ ಚೀಲ ಎಲ್ಲೋ ಹರಿದಿತ್ತು, ಗುಂಡಿಗಳ ಸಂದಿಗೆಲ್ಲ ಹಿಟ್ಟು. ಊದಿದೆ, ಸೆರಗಿನಿಂದ ಒರೆಸಿದೆ. ಅವಳು ಒಂದೊಂದೇ ಗುಂಡಿ ಒತ್ತಿ ನೋಡಿದಳು. ಎಲ್ಲ ಬಂದವು. ಎಂಟರದ್ದು ಮಾತ್ರ ಒಳಗೆ ಹೋಗಿ ಅಲ್ಲೇ ಕೂತುಬಿಟ್ಟಿತು.

"ಹೊಸಾದು ತರಸೂಣು ತಡಿ," ಎಂದೆ.

"ಬ್ಯಾಡಬೇ, ಬಸ್ಸಿಗೆ ಹೊತ್ತಾತು." ರಬ್ಬರ್ ಬ್ಯಾಂಡ್ ಸರಿಮಾಡಿ ಚೀಲಕ್ಕೆ ಹಾಕಿಕೊಂಡು ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. "ಎಂಟು ಬರಲಿಲ್ಲಂದ್ರ ಅದೊಂದನ್ನ ನಾ ಕೈಯಾಗ ಇಟ್ಕೊಂತೇನಿ."